ಗ್ಯಾಲನ್ನಿಗೆ ಹತ್ತು ಮೈಲಿ

ಹಳೇ ಗಾಡಿ ಓಡಿಸಿದವರ ಬಾಳಿನಲ್ಲಿ ನಗೆಪಾಟಲಿನ ಪ್ರಸಂಗ ವಾರಕ್ಕೊಂದಾದರೂ ಬಂದೇ ಬರುತ್ತದೆ. ನಾನು ಓಡಿಸಿದ್ದು ಹಳೇ ಗಾಡಿ, ನನ್ನ ಸಾಹುಕಾರರೋ ಪೆಟ್ರೋಲು ಉಳಿಸುವವರು. ಹಾಗಾಗಿ ನನ್ನ ಪಾಲಿಗೆ ವಾರಕ್ಕೆ ಎರಡು ಬರುತ್ತಿದ್ದವು.

ಚನ್ನರಾಯಪಟ್ಟಣದಲ್ಲಿ ನಮ್ಮ ಸಾಹುಕಾರರದು ಹಿತ್ತಾಳೆ, ತಾಮ್ರದ ಪಾತ್ರೆ ಅಂಗಡಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಪಿಕಪ್ ಗಾಡಿ ಕೈಯಿಂದ ಕೈಗೆ ದಾಟಿ ಕೊನೆಗೆ ಇವರ ಕೈಗೆ ಬಂದಿತ್ತು. ಮುಂದೆ ಇಬ್ಬರು ಮೂವರು ಕೂರುವ ಕ್ಯಾಬಿನ್ನು, ಹಿಂದೆ ತೆರೆದ ತೊಟ್ಟಿ. ಹಂಡೆ, ಕೊಳಗ, ಕೊಪ್ಪರಿಗೆ ಎಷ್ಟು ಹೇರಿದರೂ ಉಸ್ಸೆನ್ನದೆ ಎಳೆಯುತ್ತಿತ್ತು. ವಾರಕ್ಕೆ ಮೂರು ಊರಿನ ಸಂತೆ, ಹಾಸನ, ಹೊಳೆನರಸೀಪುರ, ಅರಕಲಗೂಡು. ಒಂದೇ ದೋಷವೆಂದರೆ ಅದು ಪೆಟ್ರೋಲು ಕುಡಿಯುತ್ತಿದ್ದ ರೀತಿ. ಗ್ಯಾಲನ್ನಿಗೆ ಏಳು ಮೈಲಿ, ಬಹಳ ಪ್ರೀತಿ ಬಂದರೆ ಎಂಟು.

ಸಾಹುಕಾರರು ಕೊಂಡ ವಾರವೇ ಒಂದು ಮಾತು ಆಡಿಬಿಟ್ಟಿದ್ದರು. "ಗ್ಯಾಲನ್ನಿಗೆ ಹತ್ತು ಮೈಲಿ ಕೊಟ್ಟರೆ ಮನೇಲಿರಲಿ. ಇಲ್ಲದಿದ್ದರೆ ಗುಜರಿಗೆ." ಈ ಮಾತು ಹಾಸನದ ಗುಜರಿ ವ್ಯಾಪಾರಿಯ ಕಿವಿಗೂ ಬಿದ್ದಿತ್ತು. ಆತ ತಿಂಗಳಿಗೊಮ್ಮೆ ಬಂದು, ಹಲಸಿನ ಹಣ್ಣು ಆರಿಸುವವನ ಹಾಗೆ ಗಾಡಿಯ ಮಡ್‌ಗಾರ್ಡನ್ನು ಬೆರಳಲ್ಲಿ ತಟ್ಟಿ ನೋಡಿ, "ಎಷ್ಟು ಕೊಡ್ತಾ ಇದೆ ಸಾವ್ಕಾರ್ರೇ?" ಎಂದು ಕೇಳಿ ಹೋಗುತ್ತಿದ್ದ. ಅವನು ಹೋದ ಮೇಲೆ ತಟ್ಟಿದ ಜಾಗವನ್ನು ನಾನು ಬಟ್ಟೆಯಲ್ಲಿ ಒರೆಸುತ್ತಿದ್ದೆ. ಗಾಡಿ ಹೋದರೆ ನನ್ನ ಕೆಲಸವೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ನನಗೆ ಆ ಗಾಡಿಯ ಮೇಲೆ ಪ್ರಾಣವಿತ್ತು. ನನ್ನ ಮದುವೆಯ ದಿಬ್ಬಣ ಹೋದದ್ದು ಅದರಲ್ಲೇ.

ಇನ್ನೊಂದು ಸಂಗತಿ ಮೊದಲೇ ಹೇಳಿಬಿಡಬೇಕು. ಸಾಹುಕಾರರದು ಜೈನರ ಮನೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಮುಳುಗಿತೋ, ಬೆಳಗಿನವರೆಗೆ ಒಂದು ತೊಟ್ಟು ನೀರೂ ಇಲ್ಲ. ಹೊರಗೆ ಎಲ್ಲೂ ತಿನ್ನುವವರಲ್ಲ. ಮನೆಯಲ್ಲೂ ಅವರ ತಾಯಿ, ನಾವೆಲ್ಲ ಅಮ್ಮನೋರು ಅನ್ನುತ್ತಿದ್ದ ಎಂಬತ್ತರ ಮುದುಕಿ, ತಾವೇ ಬಿಸಿಬಿಸಿಯಾಗಿ ಬಡಿಸಿದರೆ ಮಾತ್ರ ಆ ಐವತ್ತೈದರ ಮಗನಿಗೆ ಊಟ ರುಚಿಸುತ್ತಿತ್ತು.

೧. ಚರಂಡಿಯ ಕೃಪೆ

ಗಾಡಿಯಲ್ಲಿ ಪೆಟ್ರೋಲು ತೋರಿಸುವ ಮುಳ್ಳು ಯುದ್ಧದಲ್ಲೇ ವೀರಮರಣ ಹೊಂದಿತ್ತು. ಸಾಹುಕಾರರು ಒಂದು ಬಿದಿರಿನ ದಬ್ಬೆಯನ್ನು ನಯವಾಗಿ ಹೆರೆಸಿ, ಖಾಲಿ ಟ್ಯಾಂಕಿಗೆ ಒಂದೊಂದೇ ಗ್ಯಾಲನ್ ಸುರಿಸಿ, ದಬ್ಬೆ ಅದ್ದಿ, ಎಲ್ಲಿಯವರೆಗೆ ಒದ್ದೆಯಾಯಿತೋ ಅಲ್ಲಿಗೊಂದು ಗೀರು ಹಾಕಿದ್ದರು. ಬೆಳಗ್ಗೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ಅದ್ದಿ ನೋಡುವುದು. ಆ ದಬ್ಬೆಗೆ ಅಂಗಡಿಯ ಗೋಡೆಯಲ್ಲಿ ಸ್ವಂತದ್ದೊಂದು ಮೊಳೆ ಇತ್ತು. ನನ್ನ ಅಂಗಿಗೆ ಇರಲಿಲ್ಲ.

ಒಂದು ಸಂಜೆ ಬಂದಾಗ ಅಂಗಡಿ ಮುಂದೆ ಯಾರದೋ ಎತ್ತಿನ ಗಾಡಿ ನಿಂತಿತ್ತು. ನಾನು ಸ್ವಲ್ಪ ಮುಂದೆ ಹೋಗಿ, ಎಡಗಡೆಯ ಎರಡು ಚಕ್ರ ಚರಂಡಿಗೆ ಇಳಿದ ಹಾಗೆ ನಿಲ್ಲಿಸಿದೆ. ಪೆಟ್ರೋಲು ಹಾಕುವ ಬಾಯಿ ಇದ್ದದ್ದೂ ಎಡಗಡೆಗೇ. ಗಾಡಿ ಎಡಕ್ಕೆ ವಾಲಿದರೆ ಒಳಗಿನ ಪೆಟ್ರೋಲೆಲ್ಲ ಎಡಕ್ಕೆ ಬಂದು ಕೂರುತ್ತದಲ್ಲ. ಸಾಹುಕಾರರು ದಬ್ಬೆ ಅದ್ದಿ ನೋಡಿದರು. ಕಣ್ಣು ಅಗಲವಾಯಿತು.

"ಹನ್ನೊಂದು ಬಂತಲ್ಲೋ! ಏನೋ ಮಾಡಿದೆ ಇವತ್ತು?"

"ನಿಧಾನಕ್ಕೆ ಓಡಿಸ್ದೆ ಸಾವ್ಕಾರ್ರೇ," ಎಂದೆ. ಒಳಗಿನಿಂದ ನನಗೊಂದು ಕೊಬ್ಬರಿ ಮಿಠಾಯಿ ಬಂತು.

ಮೊದಲನೆಯ ದಿನ ದೇವರಾಣೆ ನನಗೆ ಗೊತ್ತಿರಲಿಲ್ಲ. ಎರಡನೆಯ ದಿನದ ಬಗ್ಗೆ ಆಣೆ ಇಡಲಾರೆ. ಎತ್ತಿನ ಗಾಡಿ ಇರಲಿ ಬಿಡಲಿ, ಸಂಜೆಯಾದರೆ ಚಕ್ರಗಳು ತಾವಾಗಿಯೇ ಚರಂಡಿಯ ಕಡೆಗೆ ತಿರುಗುತ್ತಿದ್ದವು. ಬೆಳಗ್ಗೆ ಗಾಡಿಯನ್ನು ಹಿತ್ತಿಲಿನ ಸಮನೆಲದಲ್ಲಿ ಅಳೆದಾಗ ಎರಡು ಗೀರು ಕಡಿಮೆ. ಅದಕ್ಕೆ ಸಾಹುಕಾರರೇ ಕಾರಣ ಹುಡುಕಿಕೊಂಡರು. ಪೆಟ್ರೋಲು ಆವಿಯಾಗುತ್ತಿದೆಯಂತೆ. ಟ್ಯಾಂಕಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು. ಜ್ವರ ಬಂದ ಮಗುವಿಗೆ ಪಟ್ಟಿ ಹಾಕಿದಂತೆ ಆಗಾಗ ಬಂದು ನೀರು ಚಿಮುಕಿಸಿ ಹೋಗುತ್ತಿದ್ದರು. ಗುಜರಿ ವ್ಯಾಪಾರಿ ಬಂದಾಗ ಕಾಫಿ ಕೊಟ್ಟು, ಹನ್ನೊಂದು ಅಂತ ಹೇಳಿ ಕಳಿಸಿದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಅಷ್ಟರಲ್ಲಿ ಮುನಿಸಿಪಾಲಿಟಿಯವರು ಚರಂಡಿಯ ಮೇಲೆ ಕಲ್ಲು ಚಪ್ಪಡಿ ಹಾಸಿಬಿಟ್ಟರು. ಅಂದು ಸಂಜೆ ದಬ್ಬೆ ಅದ್ದಿದರೆ ಹನ್ನೊಂದು ಇಳಿದು ಏಳಾಗಿತ್ತು. ಸಾಹುಕಾರರು ದಬ್ಬೆ ಒರೆಸಿ ಇನ್ನೊಮ್ಮೆ ಅದ್ದಿ ನೋಡಿದರು. "ನಿಜ ಹೇಳು. ಗಾಡಿಗೆ ಏನು ಮಾಡಿದೆ?"

"ನಾನೇನೂ ಮಾಡ್ಲಿಲ್ಲ ಸಾವ್ಕಾರ್ರೇ," ಎಂದೆ. "ಮಾಡಿದ್ದೆಲ್ಲ ಮುನ್ಸಿಪಾಲ್ಟಿಯೋರು."

೨. ಜಾಗಟೆ

ಇಳಿಜಾರಿನಲ್ಲಿ ಎಂಜಿನ್ ಆರಿಸಿದರೆ ಪೆಟ್ರೋಲು ಉಳಿಯುತ್ತದೆ ಎಂದು ಸಾಹುಕಾರರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಅವರ ಮನೆ ತಣ್ಣಗಿರಲಿ. ಅಂದಿನಿಂದ ಏರು ಹತ್ತಿ ತಲೆ ಮುಟ್ಟಿದ ಕೂಡಲೇ ಪಕ್ಕದಿಂದ "ಆರಿಸು!" ಅನ್ನುವ ಅಪ್ಪಣೆ. ಇಳಿದು ಮುಗಿದ ಕೂಡಲೇ "ಹಚ್ಚು!" ಆಮೇಲೆ ನಾನು ಇಳಿದು ಮುಂದೆ ಹೋಗಿ ಹ್ಯಾಂಡಲ್ ಹಾಕಿ ತಿರುವಬೇಕು. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವಷ್ಟರಲ್ಲಿ ಗಾಡಿ ತಣ್ಣಗಿರುತ್ತಿತ್ತು, ನಾನು ಕಾದಿರುತ್ತಿದ್ದೆ.

ತೊಂದರೆ ಏನೆಂದರೆ, ನಮ್ಮ ಬ್ಯಾಟರಿ ಮುದಿಯಾಗಿತ್ತು. ಎಂಜಿನ್ ಆರಿತೆಂದರೆ ಹಾರನ್ನೂ ಮೂಕ. ಒಂದು ದಿನ ಹೊಳೆನರಸೀಪುರದ ಹತ್ತಿರ ಉದ್ದನೆಯ ಇಳಿಜಾರಿನಲ್ಲಿ ಸದ್ದಿಲ್ಲದೆ ಜಾರಿಕೊಂಡು ಹೋಗುತ್ತಿದ್ದೇವೆ, ಎದುರಿಗೆ ಸಂತೆಗೆ ಹೊರಟ ಜನ ರಸ್ತೆ ತುಂಬ. ತಲೆಮೇಲೆ ಮಂಕರಿ, ಬೆನ್ನು ನಮ್ಮ ಕಡೆಗೆ. ಬ್ರೇಕು ಹಿಡಿಯುತ್ತೆ, ಆದರೆ ಅದು ಯೋಚನೆ ಮಾಡಿ ಹಿಡಿಯುವ ಬ್ರೇಕು. ನಾನು ಕಿರುಚಿದೆ. ಯಾರೂ ತಿರುಗಲಿಲ್ಲ. ಸಾಹುಕಾರರು ಹಿಂದಿನ ಕಿಂಡಿಗೆ ಕೈ ಹಾಕಿ, ಮಾರಲು ತಂದಿದ್ದ ಕಂಚಿನ ಜಾಗಟೆಯೊಂದನ್ನು ಎಳೆದುಕೊಂಡು, ಕಿಟಕಿಯ ಹೊರಗೆ ಹಿಡಿದು ಢಣ ಢಣ ಬಾರಿಸತೊಡಗಿದರು.

ಜನ ತಿರುಗಿ ನೋಡಿದರು. ತಿರುಗಿದವರು ಪಕ್ಕಕ್ಕೆ ಸರಿದು ಕೈಮುಗಿದರು. ಸದ್ದಿಲ್ಲದೆ ತೇಲಿ ಬರುವ ಗಾಡಿ, ಮೇಲೆ ಬಿಸಿಲಿಗೆ ಫಳಫಳ ಹೊಳೆಯುವ ಹಿತ್ತಾಳೆ, ಜಾಗಟೆಯ ನಾದ. ಗಾಡಿ ನಿಲ್ಲುವ ಹೊತ್ತಿಗೆ ಒಬ್ಬಾಕೆ ಮುದುಕಿ ಬಂಪರಿಗೆ ತೆಂಗಿನಕಾಯಿ ಒಡೆದೇಬಿಟ್ಟಿದ್ದಳು.

"ಯಾವ ದ್ಯಾವ್ರು ಸಾಮಿ ಇದು?" ಎಂದು ಕೇಳಿದಳು.

ಸಾಹುಕಾರರು ಸುಳ್ಳು ಹೇಳುವವರಲ್ಲ. "ದೇವರಲ್ಲಮ್ಮ. ಪಾತ್ರೆ."

ಮುದುಕಿ ಬಗ್ಗಿ ಹೋಳುಗಳನ್ನು ಎತ್ತಿಕೊಂಡಳು. "ಏನಾರ ಆಗ್ಲಿ ಬುಡಿ, ಒಡ್ದ ಕಾಯಿನ ಅಂಟ್ಸಕ್ಕಾಯ್ತದಾ?" ಎಂದು ಒಂದು ಹೋಳು ನಮ್ಮ ಕೈಗೆ ಕೊಟ್ಟು ಹೋದಳು.

ಮುಂದಿನ ವಾರ ಅದೇ ಏರಿನ ತಲೆ ಮುಟ್ಟಿದೆವು. ನಾನು ಎಂಜಿನ್ ಆರಿಸಲು ಕೈ ಇಟ್ಟೆ. ಕೆಳಗೆ ನೋಡಿದರೆ ರಸ್ತೆಯ ಪಕ್ಕದಲ್ಲಿ ಏಳೆಂಟು ಜನ ಹಣ್ಣುಕಾಯಿ ತಟ್ಟೆ ಹಿಡಿದು ಕಾಯುತ್ತಿದ್ದಾರೆ. ಸಾಹುಕಾರರು ನನ್ನ ಕೈ ಹಿಡಿದುಕೊಂಡರು.

"ಆರಿಸಬೇಡ ಕಣೋ. ಹೊಗೆ ಬಿಟ್ಟುಕೊಂಡು, ಸದ್ದು ಮಾಡಿಕೊಂಡು ಹೋಗು. ಗಾಡಿ ಅಂತ ಗೊತ್ತಾಗಲಿ."

೩. ಇಪ್ಪತ್ತು

ಸರ್ಕಾರದವರು ಸೇರು ತೆಗೆದು ಕಿಲೋ ತಂದಾಗ ಊರಿನ ಹೆಂಗಸರಿಗೆಲ್ಲ ಅದನ್ನು ತಿಳಿಸಿ ಹೇಳಿದವರು ನಮ್ಮ ಸಾಹುಕಾರರೇ. ಹಳೇ ಪಾತ್ರೆ ತೂಗುತ್ತಾ, "ನಿನ್ನ ಬಿಂದಿಗೆ ಕರಗಲಿಲ್ಲಮ್ಮ, ಅಳತೆ ಬದಲಾಯಿತು ಅಷ್ಟೇ," ಎಂದು ದಿನಕ್ಕೆ ಹತ್ತು ಸಲ ಸಮಾಧಾನ ಮಾಡುತ್ತಿದ್ದರು.

ಒಮ್ಮೆ ಅವರು ಪಾತ್ರೆ ಖರೀದಿಗೆಂದು ವಾರಗಟ್ಟಲೆ ಪರಸ್ಥಳಕ್ಕೆ ಹೋಗಿದ್ದರು. ಬಂದವರು ಕಾಲು ತೊಳೆಯುವ ಮುಂಚೆಯೇ ಕೇಳಿದರು. "ಪೆಟ್ರೋಲು ಎಷ್ಟು ಹಾಕಿಸಿದೆ?"

"ಇಪ್ಪತ್ತು," ಎಂದೆ. ಬಂಕಿನವನು ಇಪ್ಪತ್ತು ಅಂದಿದ್ದ, ನಾನೂ ಇಪ್ಪತ್ತು ಅಂದೆ. ಹದಿನಾಲ್ಕು ಗ್ಯಾಲನ್ ಹಿಡಿಯುವ ಟ್ಯಾಂಕಿಗೆ ಇಪ್ಪತ್ತು ಹೇಗೆ ಹಿಡಿಯಿತು ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಅವರ ತಲೆಗೂ ಹೊಳೆಯಲಿಲ್ಲ.

"ಓಡಿಸಿದ್ದು?"

"ಮೂವತ್ತೈದು ಮೈಲಿಗೆ ಖಾಲಿಯಾಯ್ತು."

ಸಾಹುಕಾರರು ಜಗಲಿಯ ಮೇಲೆ ಕುಸಿದು ಕೂತರು. "ಒಂದೂ ಮುಕ್ಕಾಲು ಮೈಲಿ! ಇಷ್ಟು ಪೆಟ್ರೋಲು ಆನೆ ಕುಡಿದರೂ ಇದಕ್ಕಿಂತ ದೂರ ಹೋಗುತ್ತಲ್ಲೋ!"

ಮರುದಿನವೇ ಹಾಸನದ ಮೆಕ್ಯಾನಿಕ್ಕಿನ ಹತ್ತಿರ. ಆತ ಕಾರ್ಬುರೇಟರ್ ಬಿಚ್ಚಿದ, ಏನೂ ಸಿಗಲಿಲ್ಲ. ಇನ್ನಷ್ಟು ಬಿಚ್ಚಿದ. ಮಧ್ಯಾಹ್ನದ ಹೊತ್ತಿಗೆ ನನ್ನ ಗಾಡಿಯ ಕರುಳೆಲ್ಲ ಗೋಣಿತಾಟಿನ ಮೇಲೆ ಹರಡಿತ್ತು. ಸುದ್ದಿ ತಿಳಿದು ಗುಜರಿ ವ್ಯಾಪಾರಿ ಹಗ್ಗ ಹಿಡಿದೇ ಬಂದ. ನನಗೆ ಅಳು ತಡೆಯಲಾಗಲಿಲ್ಲ, ಎಣ್ಣೆ ಕಣ್ಣಿಗೆ ಹೋಯಿತು ಎಂದು ಸುಳ್ಳು ಹೇಳಿ ಪಕ್ಕಕ್ಕೆ ಹೋದೆ.

ಅಲ್ಲಿಗೆ ಸೈಕಲ್ಲಿನ ಡೈನಮೋ ರಿಪೇರಿಗೆಂದು ದಂಡಿಗನಹಳ್ಳಿಯ ಮೇಷ್ಟರೊಬ್ಬರು ಬಂದಿದ್ದರು. ವಿಷಯ ಕೇಳಿ, "ಇಪ್ಪತ್ತು ಏನು? ಗ್ಯಾಲನ್ನೋ, ಲೀಟರೋ?" ಎಂದರು. "ಹೋದ ವಾರದಿಂದ ನಿಮ್ಮೂರ ಬಂಕಿನಲ್ಲಿ ಲೀಟರು ಬಂದಿದೆ. ನಾಲ್ಕೂವರೆ ಲೀಟರಿಗೆ ಒಂದು ಗ್ಯಾಲನ್ನು."

ನೆಲದ ಮೇಲೆ ಬೆರಳಲ್ಲಿ ಬರೆದು ತೋರಿಸಿದರು. ಏಳೆಂಟು ಮೈಲಿಯೇ ಬಂತು. ಗಾಡಿ ಎಂದಿನಂತೆಯೇ ಇತ್ತು, ಮೈ ಬಿಚ್ಚಿಸಿಕೊಂಡಿದ್ದೊಂದೇ ಹೊಸದು. ಊರಿಗೆ ವಾಪಸು ಬಂದವರೇ ಸಾಹುಕಾರರು ಅಂಗಡಿಯೊಳಗಿಂದ ಸರಿಯಾಗಿ ಒಂದು ಗ್ಯಾಲನ್ ಹಿಡಿಯುವ ತಗಡಿನ ಡಬ್ಬಿಯೊಂದನ್ನು ತಂದು ನನ್ನ ಕೈಗಿಟ್ಟರು. "ಇನ್ನು ಮುಂದೆ ಬಂಕಿನವನು ಏನಾದರೂ ಕೊಡಲಿ, ಇದರಲ್ಲಿ ಹಿಡಿದು ಗಾಡಿಗೆ ಹಾಕು."

"ಎರಡೂ ಒಂದೇ ಅಲ್ವಾ ಸಾವ್ಕಾರ್ರೇ?"

"ನಮಗೆ ಒಂದೇ. ಅದು ಮಿಲಿಟರಿಯಲ್ಲಿ ಬೆಳೆದ ಗಾಡಿ. ಈ ವಯಸ್ಸಿನಲ್ಲಿ ಅದಕ್ಕೆ ಲೀಟರು ಒಗ್ಗುತ್ತೇನೋ?"

೪. ಹೋಗುವ ರಸ್ತೆ, ಬರುವ ರಸ್ತೆ

ಡಬ್ಬಿಯಲ್ಲಿ ಅಳೆಯತೊಡಗಿದ ಮೇಲೆ ಒಂದು ವಿಚಿತ್ರ ಹೊರಬಿತ್ತು. ಸಂತೆಗೆ ಹೋಗುವಾಗ ಗಾಡಿ ಗ್ಯಾಲನ್ನಿಗೆ ಹನ್ನೊಂದು ಮೈಲಿ ಕೊಡುತ್ತಿತ್ತು. ಬರುವಾಗ ಆರು. ಅದೇ ಗಾಡಿ, ಅದೇ ರಸ್ತೆ, ಬರುವಾಗ ಹೇರಿಕೆ ಕಡಿಮೆ ಬೇರೆ.

ಸಾಹುಕಾರರು ಹಾಸನದ ಮೆಕ್ಯಾನಿಕ್ಕನ್ನು ಕೇಳಿದರು. ಆತ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ವಿಚಾರಣೆ ಶುರು ಮಾಡಿದ.

"ಓಗೋವಾಗ ಗಾಡೀಲಿ ಯಾರ್ ಕೂತಿರ್ತಾರೆ ಸಾ?"

"ನಾನೇ."

"ಏನಂತೀರಾ ಡ್ರೈವರ್‌ಗೆ?"

"ನಿಧಾನ, ನಿಧಾನ ಅಂತೀನಿ. ಇಪ್ಪತ್ತೈದರ ಮೇಲೆ ಹೋಗಲು ಬಿಡೋದಿಲ್ಲ."

"ಬರೋವಾಗ?"

"ಆಗಲೂ ನಾನೇ."

"ಆಗೇನಂತೀರಾ?"

ಸಾಹುಕಾರರು ಸ್ವಲ್ಪ ತಡವರಿಸಿದರು. "ಹೊತ್ತು ಇಳಿದಿರುತ್ತಲ್ಲ. ಅಮ್ಮ ತಟ್ಟೆ ಹಾಕಿಕೊಂಡು ಕಾಯುತ್ತಿರುತ್ತಾಳೆ. ಒತ್ತು ಒತ್ತು ಅಂತೀನಿ."

ಮೆಕ್ಯಾನಿಕ್ಕು ಕಿವಿಯ ಬೀಡಿ ತೆಗೆದು ಮತ್ತೆ ಹಚ್ಚಿದ. "ಗಾಡೀಲೇನೂ ತೊಂದ್ರೆ ಇಲ್ಲ ಸಾ. ತಕಂಡೋಗಿ."

ನನಗೂ ಇದು ವರ್ಷಗಳಿಂದ ಗೊತ್ತಿತ್ತು. ಆದರೆ ಧರ್ಮದ ವಿಚಾರ, ತಾಯಿಯ ವಿಚಾರ. ನಿಮ್ಮ ಊಟಕ್ಕೇ ಪೆಟ್ರೋಲು ಹೋಗುತ್ತಿದೆ ಎಂದು ಅನ್ನ ಕೊಡುವವರಿಗೆ ಹೇಗೆ ಹೇಳುವುದು? ಆ ದಿನ ಹಾಸನದಿಂದ ಬರುವಾಗ ಸಾಹುಕಾರರು ಸೂರ್ಯನ ಕಡೆಗೇ ನೋಡುತ್ತಿದ್ದರು. ಅರ್ಧ ದಾರಿ ಕಳೆದ ಮೇಲೆ ಹೇಳಿದರು.

"ಆ ಮೆಕ್ಯಾನಿಕ್ಕಿಗೆ ಏನೂ ಬರೋದಿಲ್ಲ ಕಣೋ. ಹೊತ್ತಾಯಿತು, ಒತ್ತು."

೫. ಎಂಟು ಗ್ಯಾಲನ್ನು

ಕೊನೆಗೆ ಇದು ಪಂದ್ಯಕ್ಕೆ ಬಂತು. ಒಂದು ದಿನ ಗುಜರಿ ವ್ಯಾಪಾರಿ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ, "ಹತ್ತು ಹತ್ತು ಅಂತ ಎಷ್ಟು ವರ್ಷ ಹೇಳ್ತೀರಾ ಸಾವ್ಕಾರ್ರೇ, ಒಂದ್ಸಲ ಪರೀಕ್ಷೆ ಮಾಡಿ," ಎಂದುಬಿಟ್ಟ. ಸಾಹುಕಾರರಿಗೆ ಕೋಪ ಬಂತು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗಿ ಬರಲು ಎಂಬತ್ತು ಮೈಲಿಯ ಮೇಲೆ ಸ್ವಲ್ಪ. "ಎಂಟೇ ಗ್ಯಾಲನ್ ಹಾಕುತ್ತೇನೆ. ಎಂಟು ಗ್ಯಾಲನ್ನಿನಲ್ಲಿ ಗಾಡಿ ಹೋಗಿ ತಿರುಗಿ ನನ್ನ ಮನೆ ಬಾಗಿಲಿಗೆ ಬಂದರೆ ನೀನು ಮತ್ತೆ ಈ ಮಡ್‌ಗಾರ್ಡ್ ತಟ್ಟಬಾರದು. ಬರದಿದ್ದರೆ ಗಾಡಿ ನಿನ್ನದು."

ನನ್ನನ್ನು ಯಾರೂ ಕೇಳಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು, "ನಿಮ್ಮ ಗಾಡಿಗೂ ಒಂದು ಹರಕೆ ಹೊತ್ಕೋಬೇಕಾ?" ಎಂದು ಬೈದಳು. ಬೈದು ಹೊತ್ತುಕೊಂಡಳು.

ಅರಕಲಗೂಡಿನ ಸಂತೆಯ ದಿನ ಬೆಳಗ್ಗೆ ಟ್ಯಾಂಕನ್ನು ಪೂರ್ತಿ ಬಸಿದು, ತಗಡಿನ ಡಬ್ಬಿಯಲ್ಲಿ ಎಂಟು ಸಲ ಹಿಡಿದು ಹಾಕಿದೆವು. ಗುಜರಿ ವ್ಯಾಪಾರಿ ಟ್ಯಾಂಕಿನ ಮುಚ್ಚಳಕ್ಕೆ ದಾರ ಸುತ್ತಿ ಅರಗಿನ ಮುದ್ರೆ ಒತ್ತಿದ. ಆಮೇಲೆ ತಾನೂ ಬಂದು ಕ್ಯಾಬಿನ್ನಿನಲ್ಲಿ ನಮ್ಮಿಬ್ಬರ ನಡುವೆ ಕೂತ. ಅಮ್ಮನೋರು ಬಾಗಿಲಿಗೆ ಬಂದು, "ಹೊತ್ತಿಗೆ ಮುಂಚೆ ಬಾರೋ. ಹುರುಳಿಕಾಳು ಸಾರು ಮಾಡ್ತೀನಿ," ಎಂದರು.

ಹೋಗುವಾಗ ನಾನು ಓಡಿಸಿದ್ದು ಗಾಡಿಯಲ್ಲ, ಮೊಟ್ಟೆಯ ಬುಟ್ಟಿ. ಇಪ್ಪತ್ತೈದರ ಮೇಲೆ ಮುಳ್ಳು ಏರಲಿಲ್ಲ. ಸೈಕಲ್ಲಿನವರು ಬೆಲ್ಲು ಮಾಡಿ ನಮ್ಮನ್ನು ದಾಟಿ ಹೋದರು. ಅರಕಲಗೂಡು ತಲುಪಿದಾಗ ದಬ್ಬೆ ಅದ್ದಲು ಮುದ್ರೆ ಬಿಡಲಿಲ್ಲ, ಟ್ಯಾಂಕು ಬಡಿದು ಸದ್ದು ಕೇಳಿದೆ. ಹಾಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚೇ ಇತ್ತು. ಗುಜರಿ ವ್ಯಾಪಾರಿಯ ಮುಖ ಸಣ್ಣಗಾಯಿತು.

ಮೂರು ಗಂಟೆಗೆ ಹೊರಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ರಾಮನಾಥಪುರದ ಕಡೆಯ ಹೊಗೆಸೊಪ್ಪಿನ ರೈತರೊಬ್ಬರು ಮಗಳ ಮದುವೆಗೆ ಪಾತ್ರೆ ತೆಗೆದುಕೊಳ್ಳಲು ಸಂಸಾರ ಸಮೇತ ಬಂದರು. ರೈತರಿಗೆ ಹಂಡೆ ಹಿಡಿಸಿತು, ಅವರ ಅತ್ತೆಗೆ ಹಿಡಿಸಲಿಲ್ಲ. ಅತ್ತೆಗೆ ಹಿಡಿಸಿದ್ದು ಮಗಳಿಗೆ ಹಿಡಿಸಲಿಲ್ಲ. ಮದುವೆಯ ಗಿರಾಕಿಯನ್ನು ಅವಸರ ಮಾಡುವುದು ಸಾಹುಕಾರರ ಜಾಯಮಾನವಲ್ಲ. ಎಲ್ಲ ಪಾತ್ರೆ ಮಾರಿ ತೊಟ್ಟಿ ಖಾಲಿಯಾದಾಗ ನಾಲ್ಕೂವರೆ ದಾಟಿತ್ತು. ಮಾರ್ಗಶಿರ ಮಾಸ, ಹಗಲು ಗಿಡ್ಡ.

ಹೊಳೆನರಸೀಪುರದವರೆಗೂ ಸಾಹುಕಾರರಿಗೆ ಎರಡೇ ಕೆಲಸ. ಮುಳ್ಳು ನೋಡುವುದು, ಸೂರ್ಯನನ್ನು ನೋಡುವುದು. ಬೆಳಗಿನಿಂದ ಮನೆಯಿಂದ ತಂದಿದ್ದ ಒಂದು ಹಿಡಿ ಅವಲಕ್ಕಿ ಬಿಟ್ಟರೆ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಇಪ್ಪತ್ತೈದರಲ್ಲಿ ಹೋದರೆ ಗಾಡಿ ಮನೆ ತಲುಪುತ್ತಿತ್ತು, ಊಟದ ಹೊತ್ತು ಮೀರುತ್ತಿತ್ತು. ಒತ್ತಿದರೆ ಊಟ ಸಿಗುತ್ತಿತ್ತು, ಪೆಟ್ರೋಲು ಸಾಲುತ್ತಿರಲಿಲ್ಲ. ಇನ್ನೇನು "ಒತ್ತು" ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ.

ಕೊನೆಗೆ ನಾನೇ ಕೇಳಿದೆ. "ಒತ್ಲಾ ಸಾವ್ಕಾರ್ರೇ?"

"ಬೇಡ. ಹೀಗೇ ಹೋಗು. ಒಂದು ದಿನ ಉಪವಾಸ ಇದ್ದರೆ ನಾನೇನೂ ಸಾಯೋದಿಲ್ಲ. ಗಾಡಿ ಹೋದರೆ ಮತ್ತೆ ಬರೋದಿಲ್ಲ."

ಇಷ್ಟು ವರ್ಷ ಗುಜರಿ ಗುಜರಿ ಎಂದು ನನ್ನನ್ನು ಹೆದರಿಸಿದ ಮನುಷ್ಯ ಆಡಿದ ಮಾತು ಇದು. ಪಕ್ಕಕ್ಕೆ ನೋಡಿದೆ. ಅವರ ತುಟಿ ಒಣಗಿತ್ತು. ಮನೆಯಲ್ಲಿ ಅಮ್ಮನೋರು ಹುರುಳಿಕಾಳು ಸಾರು ಮಾಡಿ, ಹೊಸಲಿನ ಮೇಲೆ ನಿಂತು ಪಡುವಣ ನೋಡುತ್ತಿರುವುದು ಕಣ್ಣಿಗೆ ಕಟ್ಟಿತು. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಒತ್ತಿಬಿಟ್ಟೆ.

ಮುಳ್ಳು ನಲವತ್ತಕ್ಕೆ ಹೋಯಿತು.

"ಏಯ್! ನಿಧಾನ ಹೋಗೋ! ಗಾಡಿ ಹೋಗುತ್ತೋ!"

"ಓದ್ರೆ ಓಗ್ಲಿ ಸಾವ್ಕಾರ್ರೇ, ಅಮ್ಮನೋರು ಕಾಯ್ತಾವ್ರೆ."

"ನಾನು ಹೇಳ್ತಾ ಇದೀನಿ, ಕಾಲು ತೆಗಿ!"

"ತೆಗಿಯಾಕಿಲ್ಲ!"

ಹನ್ನೆರಡು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೊಂದೇ ಸಲ. ನಡುವೆ ಕೂತ ಗುಜರಿ ವ್ಯಾಪಾರಿಗೆ ಮಾತ್ರ ಹಬ್ಬ. "ಓಡ್ಸಪ್ಪ, ಓಡ್ಸು, ಊಟ ಮುಖ್ಯ," ಎಂದು ನನಗೆ ಹುರುಪು ತುಂಬುತ್ತಿದ್ದ. ಊರು ಇನ್ನೊಂದು ಮೈಲಿ ಇದೆ ಅನ್ನುವಾಗ ಗಾಡಿ ಎರಡು ಸಲ ಕೆಮ್ಮಿ, ಮೈ ಕೊಡವಿ, ನಿಂತೇಹೋಯಿತು. ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ.

ಸಾಹುಕಾರರು ಕೆಳಗಿಳಿದರು. ನನ್ನನ್ನು ನೋಡಿದರು. ಸೂರ್ಯನನ್ನು ನೋಡಿದರು. ಪಂಚೆ ಎತ್ತಿ ಕಟ್ಟಿ ಊರಿನ ಕಡೆಗೆ ಓಟ ಕಿತ್ತರು. ಐವತ್ತೈದು ದಾಟಿದ ಪಾತ್ರೆ ಸಾಹುಕಾರರು ಕಾಲಲ್ಲಿ ಒಂದೇ ಮೆಟ್ಟು ಹಾಕಿಕೊಂಡು ಪೇಟೆ ಬೀದಿಯಲ್ಲಿ ಓಡಿದ್ದನ್ನು ನೋಡಿದವರು ಅಂಗಡಿಗೆ ಬೆಂಕಿ ಬಿತ್ತು ಎಂದುಕೊಂಡು ಕೊಡ ಹಿಡಿದು ಹಿಂದೆಯೇ ಓಡಿದರಂತೆ. ಎಲ್ಲರೂ ಹೋಗಿ ನೋಡಿದರೆ ಇವರು ಮಣೆಯ ಮೇಲೆ ಕೂತು ಸಾರು ಕಲಸುತ್ತಿದ್ದಾರೆ.

ಇತ್ತ ನಾನು ರಸ್ತೆಯಲ್ಲಿ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದೆ. ಅದಿನ್ನೂ ಬೆಚ್ಚಗಿತ್ತು. ದಂಡಿಗನಹಳ್ಳಿ ಕಡೆಯ ರೈತನೊಬ್ಬ ಪೇಟೆಗೆ ಹೊರಟಿದ್ದವನು ತನ್ನ ಎತ್ತಿನ ಗಾಡಿ ನಿಲ್ಲಿಸಿದ.

"ಯಾಕಣ್ಣ, ಕೆಟ್ಟೋಯ್ತಾ?"

"ಪೆಟ್ರೋಲ್ ಮುಗೀತು."

"ಅದ್ಯಾಕಂಗ್ ಮಖ ಮಾಡ್ಕಂಡಿದೀಯ ಮತ್ತೆ? ಬುಡು, ಕಟ್ಟಾನ. ಖಾಲಿ ಗಾಡಿ ತಾನೆ?" ಎಂದು ತನ್ನ ಗಾಡಿಯಿಂದ ನೊಗ ಸಮೇತ ಎತ್ತುಗಳನ್ನು ಬಿಡಿಸಿ, ನೊಗಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ನಮ್ಮ ಬಂಪರಿಗೆ ಕಟ್ಟಿದ. ಎತ್ತುಗಳು ಎಳೆದವು. ನಾನು ಸ್ಟಿಯರಿಂಗ್ ಹಿಡಿದು ಕೂತೆ, ಹೆಣದ ಗಾಡಿ ಓಡಿಸಿದ ಹಾಗಿತ್ತು. ಗುಜರಿ ವ್ಯಾಪಾರಿ ತೊಟ್ಟಿಯಲ್ಲಿ ನಿಂತು, ತನ್ನ ಸೊತ್ತು ತಾನೇ ತಂದವನಂತೆ ಪೇಟೆಯವರಿಗೆಲ್ಲ ಕೈಬೀಸುತ್ತಾ ಬಂದ.

ಮನೆ ಮುಂದೆ ಎತ್ತುಗಳು ನಿಂತವು. ಸೂರ್ಯ ಆಗ ತಾನೇ ಮುಳುಗಿದ್ದ. ಸಾಹುಕಾರರು ಕೈ ಒರೆಸಿಕೊಳ್ಳುತ್ತಾ ಜಗಲಿಗೆ ಬಂದರು. ಹಿಂದೆ ಅಮ್ಮನೋರು.

"ಸಾವ್ಕಾರ್ರೇ, ಗಾಡಿ ನಂದು," ಎಂದ ಗುಜರಿ ವ್ಯಾಪಾರಿ.

"ಇರು. ಟ್ಯಾಂಕಿನ ಮುದ್ರೆ ಒಡೆದಿದೆಯಾ?"

"ಇಲ್ಲ."

"ಎಂಟು ಗ್ಯಾಲನ್ನಿನ ಮೇಲೆ ಒಂದು ತೊಟ್ಟಾದರೂ ಹಾಕಿದೆವಾ?"

"ಇಲ್ಲ."

"ಗಾಡಿ ಅರಕಲಗೂಡಿಗೆ ಹೋಗಿ ತಿರುಗಿ ನನ್ನ ಮನೆ ಬಾಗಿಲಿಗೆ ಬಂದಿದೆಯೋ ಇಲ್ಲವೋ?"

"ಬಂದಿದೆ, ಆದ್ರೆ ಎತ್ತು ಎಳ್ಕೊಂಡು…"

"ಎತ್ತು ಪೆಟ್ರೋಲು ಕುಡಿಯುತ್ತೇನಪ್ಪ?"

ಕೊಡ ಹಿಡಿದು ನಿಂತಿದ್ದ ಪೇಟೆಯವರೆಲ್ಲ ನಕ್ಕರು. ಕೊನೆಗೆ ಗುಜರಿ ವ್ಯಾಪಾರಿಗೂ ನಗು ತಡೆಯಲಾಗಲಿಲ್ಲ. "ನೀವು ಇದನ್ನ ಮಾರೋರಲ್ಲ ಬಿಡಿ. ಮೊದಲೇ ಹೇಳಿದ್ರೆ ನನಗೆ ಬಸ್ ಚಾರ್ಜಾದ್ರೂ ಉಳೀತಿತ್ತು," ಎಂದು ಕಡೆಯ ಸಲ ಮಡ್‌ಗಾರ್ಡ್ ತಟ್ಟಿ ಇಳಿದ.

ಸಾಹುಕಾರರು ನನ್ನ ಕಡೆಗೆ ತಿರುಗಿದರು. "ನಿಧಾನ ಹೋಗು ಅಂದರೆ ಯಾಕೋ ಒತ್ತಿದೆ?"

ಕೇಳಿದವರು ಉತ್ತರಕ್ಕೆ ಕಾಯಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಗಾಡಿಯ ಹೆಡ್‌ಲೈಟಿನ ಧೂಳು ಒರೆಸುತ್ತಾ, ಮುಖ ಆ ಕಡೆಗೆ ಮಾಡಿಕೊಂಡು, "ಹತ್ತು ಬಂತು ಕಣೋ," ಎಂದರು.

ಅಮ್ಮನೋರು ಜಗಲಿಯಿಂದಲೇ ಕೂಗಿದರು. "ಬರದೆ ಏನು! ಮೊದಲು ಆ ಎತ್ತುಗಳಿಗೆ ಒಂದಿಷ್ಟು ಹಿಂಡಿ ಬೆಲ್ಲ ಹಾಕಿಸೋ. ಕೊಳಗ ಹಿಂಡಿಗೆ ಎಷ್ಟು ಮೈಲಿ ಕೊಡ್ತವೆ ಅಂತ ದಬ್ಬೆ ಹಿಡ್ಕೊಂಡು ಆಮೇಲೆ ಅಳೆಯುವೆಯಂತೆ!"